ಥಾರ್ ಪಲ್ಟಿಯಾಗಿದೆ, ಸರ್ವೇಯರ್ ರಿಪೇರಿ ಮಾಡಿಸಿ ಅಂತಾರೆ: ಟೋಟಲ್ ಲಾಸ್ ಪಡೆದವರು ಅನುಭವ ಹೇಳಿ

ಹಾಸನ ಥಾರ್
ಎಲ್ಲರಿಗೂ ನಮಸ್ಕಾರ. ನನ್ನದು ಥಾರ್ ಡೀಸೆಲ್ ಹಾರ್ಡ್‌ಟಾಪ್, ಮೂರೂವರೆ ವರ್ಷದ ಗಾಡಿ. ಹೋದ ತಿಂಗಳು ಸಕಲೇಶಪುರದ ಹತ್ತಿರ ನೆಂಟರ ತೋಟದ ಇಳಿಜಾರಿನಲ್ಲಿ ಜಾರಿ, ಪಲ್ಟಿ ಹೊಡೆದು ಕಾಫಿ ಗಿಡಗಳ ಮೇಲೆ ಬಿತ್ತು. ಯಾರಿಗೂ ದೊಡ್ಡ ಗಾಯ ಆಗಿಲ್ಲ. ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆದ ಗಾಡಿಯ ಬೆಲೆ, 11,20,000. ವರ್ಕ್‌ಶಾಪ್ ಎಸ್ಟಿಮೇಟ್ 9,35,000. ಇನ್ಶೂರೆನ್ಸ್ ಸರ್ವೇಯರ್ ಅದನ್ನು 7,80,000ಕ್ಕೆ ಇಳಿಸಿದ್ದಾರೆ. ಖರ್ಚು ಐಡಿವಿಯ ಶೇ 75 ದಾಟಿದರೆ ತಾನೆ ಟೋಟಲ್ ಲಾಸ್, ಅಂದರೆ ರಿಪೇರಿ ಬಿಟ್ಟು ಗಾಡಿಯ ಬೆಲೆಯನ್ನೇ ಕೊಡೋದು? ನನ್ನ ಲೆಕ್ಕಕ್ಕೆ ಆ ಗೆರೆ 8,40,000. ಝೀರೋ ಡೆಪ್ (ಬಿಡಿಭಾಗಗಳಿಗೆ ಸವಕಳಿ ಕಳೆಯದ ಕವರ್) ಇದೆ, ರಿಟರ್ನ್ ಟು ಇನ್‌ವಾಯ್ಸ್ (ಟೋಟಲ್ ಲಾಸ್‌ನಲ್ಲಿ ಖರೀದಿ ಬೆಲೆ ಕೊಡುವ ಕವರ್) ಇಲ್ಲ. ಸಾಲ ಇನ್ನೂ 6 ಲಕ್ಷ ಚಿಲ್ಲರೆ ಬಾಕಿ. ಇಷ್ಟು ಪೆಟ್ಟು ತಿಂದ ಗಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯೋಕೆ ನನಗೆ ಮನಸ್ಸಿಲ್ಲ. ಟೋಟಲ್ ಲಾಸ್‌ಗೆ ಒಪ್ಪಿಸುವುದು ಹೇಗೆ?

ಮೂಡಿಗೆರೆ ಜಿಪ್ಸಿ
ಮಾರಾಯ್ರೇ, ಏನೇ ಮಾಡಿ, ಗಾಡಿ ಮಾತ್ರ ಅವರಿಗೆ ಬಿಡಬೇಡಿ. ನನ್ನ ಜಿಪ್ಸಿ ತೋಡಿಗೆ ಬಿದ್ದಾಗ ಐಡಿವಿ 2,40,000, ಎಸ್ಟಿಮೇಟ್ 2,05,000. ಟೋಟಲ್ ಲಾಸ್ ಅಂತ ಅವರೇ ಹೇಳಿದರು. ಗಾಡಿ ಕೊಡಿ, ಪೂರ್ತಿ ದುಡ್ಡು ತಗೊಳ್ಳಿ ಅಂದರು. ನಾನು ಆಗಲ್ಲ ಅಂದೆ. ಜಿಪ್ಸಿ ಈಗ ಶೋರೂಮಲ್ಲಿ ಸಿಗುತ್ತಾ? 2019ಕ್ಕೇ ನಿಂತು ಹೋಯ್ತು. ನೆಟ್ ಆಫ್ ಸ್ಯಾಲ್ವೇಜ್ ಮಾಡಿ ಅಂತ ಬರೆದುಕೊಟ್ಟೆ. ಅಂದರೆ ಗಾಡಿ ನನ್ನ ಹತ್ತಿರವೇ ಇರುತ್ತೆ, ಐಡಿವಿಯಲ್ಲಿ ಗುಜರಿ ಬೆಲೆ ಕಳೆದು ಉಳಿದದ್ದು ಕೊಡ್ತಾರೆ.

ಆಟ ಶುರುವಾಗೋದು ಅಲ್ಲೇ. ಗುಜರಿ ಬೆಲೆ 1,30,000 ಅಂತ ಹಾಕಿದರು. ಹಾಗಾದರೆ ಕ್ಲೇಮ್‌ನಲ್ಲಿ ನಾವೇ ಹೊರಬೇಕಾದ ಕಡ್ಡಾಯ ಕಡಿತ 1,000 ಕಳೆದು ನನಗೆ ಬರೋದು 1,09,000. ನಾನು ಹಾಸನದ ಗುಜರಿಯವರ ಹತ್ತಿರ ಲೆಟರ್‌ಹೆಡ್ ಮೇಲೆ ಕೊಟೇಶನ್ ತಂದೆ, 70,000. ಇವರ ಹತ್ತಿರವೇ ಮಾರಿಸಿ ಕೊಡಿ ನೋಡೋಣ ಅಂತ ಕೂತೆ. ಕೊನೆಗೆ 85,000ಕ್ಕೆ ಇಳಿದರು. ಕೈಗೆ 1,54,000 ಬಂತು.

ಖರ್ಚು ಬರೆದಿಟ್ಟಿದ್ದೇನೆ. ಹಳೇ ಬಾಡಿ 48,000. ಟಿಂಕರಿಂಗ್, ಪೇಂಟ್ 42,000. ಮುಂದಿನ ಆಕ್ಸಲ್ ಹೌಸಿಂಗ್ 19,000. ಪಟ್ಟಾ ಸೆಟ್ 11,500. ಹುಡ್, ಸೀಟು 9,500. ಒಟ್ಟು 1,30,000. ಜಿಪ್ಸಿ ಇವತ್ತಿಗೂ ಬಾಳೆಗೊನೆ ಹೊತ್ತುಕೊಂಡು ತೋಟ ಹತ್ತುತ್ತೆ.

ಬನಶಂಕರಿ ಆಫ್‌ರೋಡರ್
ಜಿಪ್ಸಿ ಲೆಕ್ಕ ಥಾರ್‌ಗೆ ಹಾಕಬೇಡಿ ಸರ್. ಅದು ಸುತ್ತಿಗೆ, ಸ್ಪ್ಯಾನರ್‌ನಲ್ಲಿ ರಿಪೇರಿ ಆಗೋ ಗಾಡಿ. ಥಾರ್‌ನಲ್ಲಿ ಏರ್‌ಬ್ಯಾಗ್ ಇದೆ, ಸೆನ್ಸರ್ ಇದೆ, ವೈರಿಂಗ್ ಇದೆ.

ನಾನು ರಿಪೇರಿಗೆ ಒಪ್ಪಿಕೊಂಡವನು. ಒಪ್ಪಿಸಿದರು ಅನ್ನಿ. ಬಂಪರ್ ಟು ಬಂಪರ್ (ಝೀರೋ ಡೆಪ್) ಇದೆ, ನಿಮ್ಮ ಕೈಯಿಂದ ಏನೂ ಹೋಗಲ್ಲ ಅಂತ ವರ್ಕ್‌ಶಾಪ್‌ನವರು, ಇನ್ಶೂರೆನ್ಸ್‌ನವರು ಇಬ್ಬರೂ ಹೇಳಿದರು. ಬಿಲ್ 6,90,000 ಆಯ್ತು. ನನ್ನ ಕೈಯಿಂದ ಹೋಗಿದ್ದು ಕೇಳಿ. ಆಯಿಲ್, ಕೂಲೆಂಟ್, ನಟ್ಟು ಬೋಲ್ಟು ಎಲ್ಲಾ ಕನ್ಸ್ಯೂಮಬಲ್ಸ್ ಅಂತ 14,300. ಕಡ್ಡಾಯ ಕಡಿತ 2,000, ಯಾಕೆಂದರೆ ಎಂಜಿನ್ 1500 ಸಿಸಿ ಮೇಲಿದೆ. ಕ್ರೇನ್‌ಗೆ 16,000 ಕೊಟ್ಟಿದ್ದೆ, ಪಾಲಿಸಿಯಲ್ಲಿ 1,500 ಮಾತ್ರ, ಉಳಿದ 14,500 ನನ್ನ ತಲೆಗೆ. ದೊಡ್ಡ ಟೈರು 4, ತಲಾ 14,200, ಅಂದರೆ 56,800. ಕಂಪನಿ ಸೈಜ್ ಅಲ್ಲ ಅಂತ ತೆಗೆದು ಹಾಕಿದರು. ಸ್ಟೀಲ್ ಬಂಪರ್, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಮೋಟಾರ್) 74,000. ಅದಕ್ಕೂ ಸೊನ್ನೆ. ಒಟ್ಟು 1,61,600.

ಇಷ್ಟಾದ ಮೇಲೂ ಗಾಡಿ 80 ದಾಟಿದರೆ ಎಡಕ್ಕೆ ಎಳೆಯುತ್ತೆ. ಅಲೈನ್‌ಮೆಂಟ್ ಮಾಡಿಸಿ ಮಾಡಿಸಿ ಸಾಕಾಯ್ತು. ಮಳೆ ಬಂದರೆ ಹಾರ್ಡ್‌ಟಾಪ್ ಅಂಚಿನಿಂದ ನೀರು ಇಳಿದು ಹೆಂಡತಿ ಸೀಟಿನ ಕಡೆ ಕಾರ್ಪೆಟ್ ನೆನೆಯುತ್ತೆ. ಮಾರೋಣ ಅಂದರೆ ಸರ್ವಿಸ್ ಹಿಸ್ಟರಿ ನೋಡಿದವರು ಎರಡೂವರೆ ಲಕ್ಷ ಕಮ್ಮಿ ಕೇಳ್ತಾರೆ. ರಿಪೇರಿಗೆ ಒಪ್ಪಲೇಬೇಡಿ ಸರ್.

ಕುಶಾಲನಗರ ಕೆಎ12
ಸ್ಟೀಲ್ ಬಂಪರ್‌ಗೆ ದುಡ್ಡು ಕೊಡಲಿಲ್ಲ ಅಂತ ಅಳೋದು ಸರಿಯಲ್ಲ ಬ್ರದರ್. ಬುಲ್ ಬಾರ್‌ಗಳನ್ನು (ಗಾಡಿ ಮುಂದೆ ಹಾಕುವ ಲೋಹದ ಗಾರ್ಡ್) ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ಬೇಡ ಅಂದಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದಿ. ಕ್ಲೇಮೇ ತಿರಸ್ಕಾರ ಆಗಲಿಲ್ಲವಲ್ಲ, ಅದೇ ನಿಮ್ಮ ಪುಣ್ಯ.

ಬನಶಂಕರಿ ಆಫ್‌ರೋಡರ್
ವಿಂಚ್ ಬುಲ್ ಬಾರ್ ಅಲ್ಲ. ಟೈರ್ ಬುಲ್ ಬಾರ್ ಅಲ್ಲ. ವಿಂಚ್‌ಗೆ ಪ್ರೀಮಿಯಂ ಕಟ್ಟೋಕೆ ನಾನು ತಯಾರಿದ್ದೆ, ಏಜೆಂಟ್ ಬೇಡ ಅಂದರು. ನಿಯಮ ಹೇಳುವ ಮೊದಲು ಪೂರ್ತಿ ಓದಿ.

ವರ್ಕ್‌ಶಾಪ್ ಅಡ್ವೈಸರ್
ನಾನು ಬಾಡಿ ಶಾಪ್‌ನಲ್ಲಿ ಕ್ಲೇಮ್ ನೋಡಿಕೊಳ್ಳುವವನು. ವಿಂಚ್‌ನಂಥ ಎಲೆಕ್ಟ್ರಿಕಲ್ ಫಿಟಿಂಗ್ ಐಎಂಟಿ 24 ಅನ್ನೋ ಪಾಲಿಸಿ ಷರತ್ತಿನಲ್ಲಿ ಬರುತ್ತೆ, ಬೆಲೆಯ ಶೇ 4 ಹೆಚ್ಚುವರಿ ಪ್ರೀಮಿಯಂ. ಪಾಲಿಸಿ ಶೆಡ್ಯೂಲ್‌ನಲ್ಲಿ ಬರೆಸಿದ್ದರೆ ಮಾತ್ರ ಸಿಗುತ್ತೆ. ಇಬ್ಬರೂ ಸಾಕು ಮಾಡಿ.

ಹಾಸನದ ಸರ್ ಪ್ರಶ್ನೆಗೆ ಬರ್ತೀನಿ. ಮೊದಲ ಎಸ್ಟಿಮೇಟ್ ಹೊರಗಿಂದ ಕಂಡದ್ದಕ್ಕೆ ಮಾತ್ರ. ಪಲ್ಟಿಯಾದ ಗಾಡಿಯ ನಿಜವಾದ ಪೆಟ್ಟು ಬಿಚ್ಚಿದ ಮೇಲೆ ಕಾಣುತ್ತೆ. ಡಿಸ್‌ಮ್ಯಾಂಟಲ್ ಮಾಡಿಸಿ, ಸಪ್ಲಿಮೆಂಟರಿ ಎಸ್ಟಿಮೇಟ್ ಹಾಕಿಸಿ, ಸರ್ವೇಯರ್‌ನ ಮತ್ತೆ ಕರೆಸಿ. ಚಾಸಿಸ್ ಅಳತೆ ತೆಗೆದ ಪ್ರಿಂಟ್ ಕೇಳಿ. ಬಾಗಿದ ಕಡೆ ನೇರ ಮಾಡೋದಾ, ಬದಲಿಸೋದಾ ಅನ್ನೋದರ ಮೇಲೆ ಲಕ್ಷಗಟ್ಟಲೆ ವ್ಯತ್ಯಾಸ ಬರುತ್ತೆ. ನಿಮ್ಮ ಸರ್ವೇಯರ್ 1,55,000 ಇಳಿಸಿದ್ದು ಬಹುಶಃ ಅಲ್ಲೇ. ಯಾವ ಐಟಂನಲ್ಲಿ ಎಷ್ಟು ಇಳಿಸಿದರು ಅಂತ ಇಮೇಲ್‌ನಲ್ಲಿ ಕೇಳಿ, ಫೋನ್‌ನಲ್ಲಿ ಬೇಡ. ಸರ್ವೇ ರಿಪೋರ್ಟ್ ಪ್ರತಿ ಕೇಳಿ ಪಡೆಯಿರಿ. ಇನ್ನೊಂದು, ಹಳೇ ಮೋಟಾರ್ ಟ್ಯಾರಿಫ್‌ನಲ್ಲಿ ಶೇ 75ರ ಲೆಕ್ಕಕ್ಕೆ ರಿಪೇರಿ ಖರ್ಚಿನ ಜೊತೆ ಗಾಡಿ ಎತ್ತಿದ ಖರ್ಚನ್ನೂ ಸೇರಿಸಿದ್ದಾರೆ. ಕ್ರೇನ್ ಬಿಲ್ ಕಳಿಸಿದ್ದೀರಾ?

ಕುಶಾಲನಗರ ಕೆಎ12
ಕ್ರೇನ್‌ಗೆ 1,500 ಮಿತಿ ಅಂತ ಮೇಲೇ ಹೇಳಿದರಲ್ಲ. ಸುಮ್ನೆ ಆಸೆ ಹುಟ್ಟಿಸಬೇಡಿ.

ವರ್ಕ್‌ಶಾಪ್ ಅಡ್ವೈಸರ್
1,500 ಅನ್ನೋದು ಅವರು ಕೊಡುವ ಮಿತಿ. ಖರ್ಚು ಎಷ್ಟಾಯಿತು ಅನ್ನೋದು ಬೇರೆ ಪ್ರಶ್ನೆ. ಅವರು ಒಪ್ಪದೇ ಇರಬಹುದು. ಆದರೆ ಬಿಲ್ ಕಳಿಸದೇ ವಾದ ಮಾಡೋಕೆ ಆಗಲ್ಲ ಅಲ್ವಾ?

ಬನಶಂಕರಿ ಆಫ್‌ರೋಡರ್
ಅಡ್ವೈಸರ್ ಸರ್, ನಿಮ್ಮಂಥ ವರ್ಕ್‌ಶಾಪ್‌ನವರು ಟೋಟಲ್ ಲಾಸ್ ಆದ ಕೂಡಲೇ ಎಸ್ಟಿಮೇಟ್ ಚಾರ್ಜ್, ಪಾರ್ಕಿಂಗ್ ಚಾರ್ಜ್ ಅಂತ ಹಾಕ್ತೀರಲ್ಲ, ಅದನ್ನೂ ಹೇಳಿ. ನನ್ನ ಸ್ನೇಹಿತನ ಹತ್ತಿರ ದಿನಕ್ಕೆ 500 ಲೆಕ್ಕದಲ್ಲಿ ಕಿತ್ತರು. ಇನ್ಶೂರೆನ್ಸ್‌ನವರು ತಡ ಮಾಡಿದ್ದಕ್ಕೆ ಅವನು ಕಟ್ಟಬೇಕಾ?

ವರ್ಕ್‌ಶಾಪ್ ಅಡ್ವೈಸರ್
ನಮ್ಮ ಒಂದು ಬೇ ತಿಂಗಳುಗಟ್ಟಲೆ ಬ್ಲಾಕ್ ಆಗುತ್ತೆ ಸರ್. ಬಾಡಿಗೆ ನಾವು ಕಟ್ಟಲ್ವಾ? ಜಾಬ್ ಕಾರ್ಡ್‌ಗೆ ಸಹಿ ಹಾಕಿಸುವಾಗಲೇ ನಮ್ಮಲ್ಲಿ ದರ ಹೇಳ್ತೀವಿ.

ಮಂದಲ್‌ಪಟ್ಟಿ ರೂಟ್
ನನ್ನ ಕಥೆ ಕೇಳಿದರೆ ನಿಮಗೆ ನಿಮ್ಮದು ಸಣ್ಣದು ಅನಿಸುತ್ತೆ. ನನ್ನದು ಹಳೇ ಥಾರ್, ಬಿಳಿ ಬೋರ್ಡ್. ಭಾವನ ಸ್ನೇಹಿತರು ಬಂದಿದ್ದರು, ಮಂದಲ್‌ಪಟ್ಟಿಗೆ ಕರೆದುಕೊಂಡು ಹೋದೆ. ಇಳಿಯುವಾಗ ಗಾಡಿ ಉರುಳಿ ಹೋಯ್ತು. ಅವರು ಡೀಸೆಲ್‌ಗೆ ಅಂತ ಸ್ವಲ್ಪ ದುಡ್ಡು ಕೊಟ್ಟಿದ್ದರು. ಇನ್ಶೂರೆನ್ಸ್‌ನವರು ಇನ್ವೆಸ್ಟಿಗೇಟರ್ ಕಳಿಸಿ, ಆಸ್ಪತ್ರೆಯಲ್ಲಿ ಮಲಗಿದ್ದ ಹುಡುಗರ ಹತ್ತಿರ ದುಡ್ಡು ಕೊಟ್ಟಿದ್ದು ಹೌದು ಅಂತ ಬರೆಸಿಕೊಂಡರು. ಬಾಡಿಗೆಗೆ ಓಡಿಸಿದ್ದೀರಿ, ಕ್ಲೇಮ್ ಇಲ್ಲ ಅಂದರು. ಐಡಿವಿ 5,60,000. ಪೂರ್ತಿ ಸೊನ್ನೆ.

ಬಿಡಲಿಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿ ಅಮಲೇಂದು ಸಾಹು ಕೇಸ್‌ನಲ್ಲಿ ಹೇಳಿದೆ, ಗಾಡಿ ಬಳಕೆಯ ಷರತ್ತು ಮುರಿದಿದ್ದರೂ ಪೂರ್ತಿ ತಿರಸ್ಕಾರ ಮಾಡುವ ಹಾಗಿಲ್ಲ, ನಾನ್ ಸ್ಟ್ಯಾಂಡರ್ಡ್ (ಷರತ್ತು ಮುರಿದಿದ್ದಕ್ಕೆ ಒಂದಿಷ್ಟು ಕಡಿದು ಕೊಡುವ) ಲೆಕ್ಕದಲ್ಲಿ ಶೇ 75 ಕೊಡಿ ಅಂತ. ಅದನ್ನು ಹಿಡಿದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆ. 4,20,000 ಬಂತು. ಉಳಿದ 1,40,000 ಹೋದದ್ದು ಡೀಸೆಲ್ ದುಡ್ಡಿನ ಒಂದು ಮಾತಿಗೆ. ಇನ್ವೆಸ್ಟಿಗೇಟರ್ ಬಂದರೆ ಗಾಡಿಯಲ್ಲಿ ಇದ್ದವರೆಲ್ಲರ ಜೊತೆ ನೀವೂ ಇರಿ.

ಹಳದಿ ಬೋರ್ಡ್ ಮಡಿಕೇರಿ
ಭಾವನ ಸ್ನೇಹಿತರು, ಡೀಸೆಲ್ ದುಡ್ಡು. ಈ ಮಾತನ್ನು ನಾವು ಪ್ರತಿ ಸೀಸನ್‌ನಲ್ಲೂ ಕೇಳ್ತೀವಿ. ನಾನು ಹಳದಿ ಬೋರ್ಡ್ ಜೀಪ್ ಇಟ್ಟವನು. ಪರ್ಮಿಟ್ ಕಟ್ತೀನಿ, ಟ್ಯಾಕ್ಸ್ ಕಟ್ತೀನಿ, ಎಫ್‌ಸಿ ಮಾಡಿಸ್ತೀನಿ, ಪ್ಯಾಸೆಂಜರ್ ಸೇರಿಸಿ ಪ್ರೀಮಿಯಂ ಕಟ್ತೀನಿ. ನಿಮ್ಮ ಬಿಳಿ ಬೋರ್ಡ್ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತೆ. ಆಮೇಲೆ ಕೋರ್ಟಿಂದ 4,20,000 ತಂದೆ ಅಂತ ಎದೆ ತಟ್ಟಿಕೊಳ್ತೀರಿ.

ಮಂದಲ್‌ಪಟ್ಟಿ ರೂಟ್
ನಾನು ಬಾಡಿಗೆ ಹೊಡೆಯುವವನಲ್ಲ. ಹೊಡೆದಿದ್ದರೆ ಇಲ್ಲಿ ಬಂದು ಬರೀತಿದ್ನಾ? ನಿಮ್ಮವರು ಎಂಟು ಜನರನ್ನು ತುಂಬಿಕೊಂಡು ಆ ಕಲ್ಲು ದಾರಿಯಲ್ಲಿ ರೇಸ್ ಬಿಡ್ತಾರಲ್ಲ, ಅದಕ್ಕೆ ಯಾವ ಪರ್ಮಿಟ್ ಇದೆ ಹೇಳಿ.

ಮೂಡಿಗೆರೆ ಜಿಪ್ಸಿ
ಇಬ್ಬರಿಗಿಂತ ಜಾಸ್ತಿ ತೊಂದರೆ ಕೊಡುವವರು ವೀಕೆಂಡ್‌ಗೆ ಬೆಂಗಳೂರಿಂದ ಬರುವ ಆಫ್‌ರೋಡರ್‌ಗಳು. ಒಂದು ಮಳೆಗೆ ತೋಟದ ದಾರಿ ಪೂರ್ತಿ ಉಳುಮೆ ಮಾಡಿಟ್ಟು ಹೋಗ್ತಾರೆ. ಜೆಸಿಬಿ ತಂದು ಸರಿ ಮಾಡಿಸೋದು ನಾವು.

ಬನಶಂಕರಿ ಆಫ್‌ರೋಡರ್
ನನ್ನ ಗಾಡಿ ಪಲ್ಟಿಯಾಗಿದ್ದು ಡಾಂಬರು ರೋಡಲ್ಲಿ, ಎದುರಿಂದ ಲಾರಿ ಬಂದು. ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮೈಸೂರು ಗೃಹಿಣಿ
ಹಾಸನದ ಅಣ್ಣ, ಇವರ ಜಗಳ ಬಿಡಿ. ಟೋಟಲ್ ಲಾಸ್ ಸಿಕ್ಕಿದರೂ ಆರ್‌ಸಿ ವಿಷಯದಲ್ಲಿ ಹುಷಾರು. ನಮ್ಮ ಯಜಮಾನರ ಗಾಡಿಗೆ ಎರಡು ಬೆಲೆ ಕೊಟ್ಟರು. ಆರ್‌ಸಿ ರದ್ದು ಮಾಡಿಸಿದರೆ ಗುಜರಿ ಬೆಲೆ 1,90,000, ಆರ್‌ಸಿ ಸಮೇತ ಕೊಟ್ಟರೆ 2,75,000. ಆರ್‌ಸಿ ಜೊತೆಗೇ ಕೊಡಿ, ಬೇಗ ಮುಗಿಯುತ್ತೆ ಅಂತ ಇನ್ಶೂರೆನ್ಸ್‌ನವರು ಹಿಂದೆ ಬಿದ್ದರು. ಹರಾಜಲ್ಲಿ ತೆಗೆದುಕೊಂಡವನು ಹೊರ ರಾಜ್ಯದವನು. ಹೆಸರು ಬದಲಾಯಿಸಲೇ ಇಲ್ಲ. ಸುಮಾರು ಸಮಯದ ಮೇಲೆ ಅಲ್ಲಿನ ಪೊಲೀಸರಿಂದ ನೋಟಿಸ್ ಬಂತು, ನಿಮ್ಮ ಗಾಡಿ ಅಪಘಾತ ಮಾಡಿದೆ ಅಂತ. ಚೂರಾದ ಗಾಡಿ ಅಪಘಾತ ಮಾಡೋದು ಹೇಗೆ? ಅದೇ ನಂಬರ್, ಅದೇ ಚಾಸಿಸ್ ನಂಬರ್, ಬೇರೆ ಗಾಡಿ. ವಕೀಲರ ಫೀಸು, ಓಡಾಟ ಅಂತ 38,000 ಕೈಬಿಟ್ಟಿತು. ಆ 85,000 ವ್ಯತ್ಯಾಸ ನಮಗೇನೂ ಬರಲಿಲ್ಲ, ಇನ್ಶೂರೆನ್ಸ್‌ನವರಿಗೇ ಉಳಿಯಿತು. ಗಾಡಿ ಪೂರ್ತಿ ಹಾಳಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು ಅಂತ ಸೆಕ್ಷನ್ 55 ಹೇಳುತ್ತೆ. ರದ್ದು ಮಾಡಿಸಿಯೇ ಕೊಡಿ ಅಣ್ಣ.

ಮೂಡಿಗೆರೆ ಜಿಪ್ಸಿ
ಅದಕ್ಕೇ ಹೇಳಿದ್ದು ತಂಗಿ, ಗಾಡಿ ನಮ್ಮ ಹತ್ತಿರವೇ ಇರಬೇಕು.

ಜೆಪಿ ನಗರ ಹಿರಿಯ
ಸರ್ವೇಯರ್ ಜೊತೆ ಚೌಕಾಸಿ ಮಾಡಿ ಸಮಯ ಹಾಳು ಮಾಡಬೇಡಿ. ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳು ಉತ್ತರ ಬರಲಿಲ್ಲ, ಇಲ್ಲ ಸರಿ ಅನಿಸಲಿಲ್ಲ ಅಂದರೆ ನೇರ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆ ದೂರು ಬಗೆಹರಿಸುವ ಅಧಿಕಾರಿ. ಬೆಂಗಳೂರಿನ ಆಫೀಸ್ ನಮ್ಮ ಜೆಪಿ ನಗರದಲ್ಲೇ ಇದೆ. ಫೀಸ್ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗೆ ಕೇಳಬಹುದು. ನನ್ನ ಜಿಮ್ನಿಗೆ ಹಳ್ಳ ದಾಟುವಾಗ ನೀರು ಹೋಗಿ ಎಂಜಿನ್ ಕೆಟ್ಟಿತು. ಎಸ್ಟಿಮೇಟ್ 3,40,000, ಕೊಡ್ತೀವಿ ಅಂದಿದ್ದು 46,000. ಎಂಜಿನ್ ಪ್ರೊಟೆಕ್ಟ್‌ಗೆ ಪ್ರೀಮಿಯಂ ಕಟ್ಟಿದ ಮೇಲೂ, ನೀವು ಮತ್ತೆ ಸ್ಟಾರ್ಟ್ ಮಾಡಿದ್ದೀರಿ ಅಂತ ಗೂಬೆ ಕೂರಿಸಿದರು. ನಾನು ಕೀ ಮುಟ್ಟಿರಲಿಲ್ಲ. ಎತ್ತಿದ ವೀಡಿಯೋ ಇತ್ತು. ಓಂಬುಡ್ಸ್‌ಮನ್ ಅದನ್ನು ಪೂರ್ತಿ ನೋಡಿದರು. 3,12,000 ಕೊಡಿ ಅಂತ ಆದೇಶ ಆಯ್ತು.

ಮಂದಲ್‌ಪಟ್ಟಿ ರೂಟ್
ಮಾನಸಿಕ ಹಿಂಸೆಗೆ ಎಷ್ಟು ಕೊಟ್ಟರು ಸರ್? ಆಯೋಗದಲ್ಲಿ ನನಗೆ ಅದಕ್ಕೆ ಬೇರೆ, ಕೇಸಿನ ಖರ್ಚಿಗೆ ಬೇರೆ, ಬಡ್ಡಿ ಬೇರೆ ಸಿಕ್ಕಿತು.

ಜೆಪಿ ನಗರ ಹಿರಿಯ
ನಿಮ್ಮ ಕೇಸ್ ಮುಗಿಯುವಷ್ಟರಲ್ಲಿ ನಾನು ಹೊಸ ಎಂಜಿನ್ ಹಾಕಿಸಿ ಕುದುರೆಮುಖ ಸುತ್ತಿ ಬಂದಿದ್ದೆ. ನನ್ನ ವಯಸ್ಸಿಗೆ ಮುಂದಿನ ತಾರೀಕು, ಮುಂದಿನ ತಾರೀಕು ಅಂತ ಅಲೆಯೋಕೆ ಆಗಲ್ಲ.

ಹಾಸನ ಥಾರ್
ಎಲ್ಲರಿಗೂ ಥ್ಯಾಂಕ್ಸ್. ಬಿಚ್ಚಿಸಿದೆ. ಚಾಸಿಸ್‌ನ ಕ್ರಾಸ್ ಮೆಂಬರ್ (ಅಡ್ಡಪಟ್ಟಿ) ಬಿರುಕು ಬಿಟ್ಟಿದೆ, ಸಪ್ಲಿಮೆಂಟರಿ 96,000 ಬಂತು. 24,000 ಕ್ರೇನ್ ಬಿಲ್ಲನ್ನೂ ಇಮೇಲ್ ಮಾಡಿದ್ದೆ. ಸರ್ವೇಯರ್ ಮತ್ತೆ ಬಂದು ನೋಡಿದರು. ಈಗ ಟೋಟಲ್ ಲಾಸ್‌ಗೆ ಒಪ್ಪಿದ್ದಾರೆ. ಆದರೆ ಐಡಿವಿ ಜಾಸ್ತಿ ಆಯ್ತು, ಮಾರುಕಟ್ಟೆ ಬೆಲೆ 10,40,000, ಅದಕ್ಕೆ ಒಪ್ಪಿದರೆ ಈ ವಾರವೇ ದುಡ್ಡು ಅಂತಾರೆ. ಒಪ್ಪಲಾ?

ವರ್ಕ್‌ಶಾಪ್ ಅಡ್ವೈಸರ್
ಬೇಡವೇ ಬೇಡ ಸರ್. ಪ್ರೀಮಿಯಂ ತಗೊಂಡಿದ್ದು 11,20,000 ಮೇಲೆ. ಟೋಟಲ್ ಲಾಸ್‌ನಲ್ಲಿ ಐಡಿವಿ ಮೇಲೆ ಮತ್ತೆ ಸವಕಳಿ ಹಾಕುವ ಹಾಗಿಲ್ಲ. 2,000 ಕಳೆದು 11,18,000 ಬರಬೇಕು. ಮೊದಲು ಬ್ಯಾಂಕಿಗೆ ಹೋಗಿ ಸಾಲ ತೀರುತ್ತೆ, ಉಳಿದದ್ದು ನಿಮಗೆ. ಸರ್ವೇಯರ್ ರಿಪೋರ್ಟ್ ಕೊನೆ ಮಾತಲ್ಲ ಅಂತ 2009ರಲ್ಲೇ ಪ್ರದೀಪ್ ಕುಮಾರ್ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಇಮೇಲ್‌ನಲ್ಲಿ ಆ ಸಾಲು ಹಾಕಿ. ಇನ್ನೇನೂ ಬಾಕಿ ಇಲ್ಲ ಅನ್ನೋ ಫುಲ್ ಅಂಡ್ ಫೈನಲ್ ವೋಚರ್‌ಗೆ ಸಹಿ ಮಾಡಬೇಡಿ.

ಕುಶಾಲನಗರ ಕೆಎ12
78,000ಕ್ಕೋಸ್ಕರ ತಿಂಗಳುಗಟ್ಟಲೆ ಇಎಂಐ ಕಟ್ಟಿಕೊಂಡು ಕೂರೋದಾ? ನಾನಾಗಿದ್ದರೆ ತಗೊಂಡು ಬಿಡ್ತಿದ್ದೆ.

ಬನಶಂಕರಿ ಆಫ್‌ರೋಡರ್
ನೀವು ತಗೊಂಡು ಬಿಡ್ತೀರಿ ಅಂತಲೇ ಅವರು ಎಲ್ಲರಿಗೂ ಕಮ್ಮಿ ಕೇಳೋದು. ಅವರು ಆಗಲೇ ಲೈಫ್‌ಟೈಮ್ ಟ್ಯಾಕ್ಸ್ ಶೇ 17 ಕಟ್ಟಿದ್ದಾರೆ. 16 ಲಕ್ಷದ ಗಾಡಿಗೆ 2,72,000. ಅದು ಐಡಿವಿಯಲ್ಲಿ ಬರಲ್ಲ. ಹೊಸ ಗಾಡಿಗೆ ಮತ್ತೆ ಕಟ್ಟಬೇಕು. ಅದರ ಮೇಲೆ ಇನ್ನೂ 80,000 ಬಿಡಿ ಅಂತೀರಾ?

ಮೂಡಿಗೆರೆ ಜಿಪ್ಸಿ
ಹಾಸನದವರೇ, ಅವರು ಗುಜರಿ ಬೆಲೆ ಎಷ್ಟು ಹಾಕಿದ್ದಾರೆ ಅಂತ ಇನ್ನೂ ಹೇಳಿಲ್ಲ ನೀವು. 3 ಲಕ್ಷದ ಒಳಗಿದ್ದರೆ ಗಾಡಿ ಇಟ್ಟುಕೊಳ್ಳಿ. ನನಗೆ ಗೊತ್ತಿರುವ ಟಿಂಕರ್ ಬೇಲೂರಲ್ಲಿದ್ದಾರೆ.

ಬನಶಂಕರಿ ಆಫ್‌ರೋಡರ್
ಕ್ರಾಸ್ ಮೆಂಬರ್ ಬಿರುಕು ಬಿಟ್ಟ ಗಾಡಿ ಸರ್ ಅದು! ಮಕ್ಕಳನ್ನು ಕೂರಿಸೋಕೆ ಮನಸ್ಸಿಲ್ಲ ಅಂತ ಅವರು ಮೊದಲೇ ಹೇಳಿದ್ದಾರೆ.

ಮೂಡಿಗೆರೆ ಜಿಪ್ಸಿ
ಮಕ್ಕಳಿಗೆ ಕಾರು ತಗೊಳ್ಳಲಿ. ಇದು ತೋಟಕ್ಕೆ.