ಸಹಾಯ ಬೇಕು: ಜಮೈಕಾದ ಗುಲಾಮರು ಮತ್ತು ಬೈಬಲ್

ಗೆಳೆಯರೇ, ಒಂದು ಲೇಖನಕ್ಕೆ ಸಹಾಯ ಬೇಕು. 1807ರಲ್ಲಿ ಲಂಡನ್ನಿನಲ್ಲಿ ಕೆರಿಬಿಯನ್ ದ್ವೀಪಗಳ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಹೋದ ಕಥೆಯನ್ನೇ ಅದರಿಂದ ಕಿತ್ತುಹಾಕಿದ್ದರು. ದಾಸರು ಯಜಮಾನರ ಮಾತು ಕೇಳಬೇಕು ಎನ್ನುವ ಭಾಗ ಹಾಗೇ ಉಳಿಯಿತು. ಎಂಥ ಲೆಕ್ಕಾಚಾರ ಅಲ್ವಾ? ಓದಿ ಹೊಟ್ಟೆ ಉರಿಯಿತು.

ಆದರೂ 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಸಾವಿರಾರು ಗುಲಾಮರು ದಂಗೆ ಎದ್ದರು. ಮುಂದಾಳು ಸ್ಯಾಮ್ ಶಾರ್ಪ್. ಅವರೂ ಗುಲಾಮರೇ, ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಸಭೆಯಲ್ಲಿ ಡೀಕನ್, ಅಂದರೆ ಸಭೆಯ ಕೆಲಸ ನೋಡಿಕೊಳ್ಳುವ ಹಿರಿಯ ಸೇವಕ. ಪ್ರಾರ್ಥನಾ ಕೂಟಗಳಲ್ಲೇ ಜನರನ್ನು ಒಗ್ಗೂಡಿಸಿದರು. 1832ರಲ್ಲಿ ಅವರನ್ನು ಗಲ್ಲಿಗೇರಿಸಿದರು.

ಆ ಕೂಟಗಳಲ್ಲಿ ಬೈಬಲಿನ ಯಾವ ಮಾತುಗಳು ಜನರ ಬಾಯಲ್ಲಿದ್ದವು? ಮಿಷನರಿಗಳ ಪತ್ರ, ಕೋರ್ಟ್ ಹೇಳಿಕೆ ಏನಾದರೂ ಓದಿದ್ದೀರಾ? ಕನ್ನಡದಲ್ಲಿ ಯಾರಾದರೂ ಬರೆದಿದ್ದರೆ ಇನ್ನೂ ಒಳ್ಳೆಯದು. ದಯವಿಟ್ಟು ತಿಳಿಸಿ.