ತಾಂಡಾದ ಅಂಗನವಾಡಿಗೆ ಟಿವಿ, ಟ್ಯಾಬ್ ಕೊಡಿಸಬೇಕು: ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮ ಹೈಸ್ಕೂಲ್ ಬ್ಯಾಚಿನವರು ಸೇರಿ 1.2 ಲಕ್ಷ ರೂಪಾಯಿ ಕೂಡಿಸಿದ್ದೇವೆ. ಯಾದಗಿರಿ ಕಡೆಯ ಒಂದು ತಾಂಡಾದ ಅಂಗನವಾಡಿಗೆ ಸ್ಮಾರ್ಟ್ ಟಿವಿ, ನಾಲ್ಕು ಟ್ಯಾಬ್ ಕೊಡಿಸುವ ಆಸೆ. ಅಮೆರಿಕದಲ್ಲಿರುವ ಇಬ್ಬರು ಗೆಳೆಯರೂ ಹಣ ಕಳಿಸುತ್ತೇವೆ ಅಂದಿದ್ದಾರೆ. ಸಮಾಜದ ಕೆಲಸಕ್ಕೆ ಕಂಪನಿಗಳು ಕೊಡುವ ಸಿಎಸ್‌ಆರ್ ಹಣ ಕೇಳಬಹುದಾ? ಮೊದಲು ಏನು ಮಾಡಬೇಕು?

ಹಿಂದೆ ಟಿವಿ ಕೊಟ್ಟ ಒಬ್ಬರು: ಮೂರು ವರ್ಷದ ಹಿಂದೆ ನಾವೂ ಹೀಗೇ ಶುರು ಮಾಡಿದ್ದು. 32 ಇಂಚಿನ ಟಿವಿ ತಂದು, ಕುಂಕುಮ ಹಚ್ಚಿ, ಕಾಯಿ ಒಡೆದು, ಫೋಟೊ ತೆಗೆಸಿಕೊಂಡು ಬಂದೆವು. ಆರು ತಿಂಗಳು ಬಿಟ್ಟು ಹೋದರೆ ಟಿವಿ ಟೀಚರ್ ಮನೆಯ ಅಟ್ಟದ ಮೇಲಿತ್ತು. ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಕೋಪ ಬಂತು. ಆಮೇಲೆ ಕೂತು ಕೇಳಿದೆವು. ಕೇಂದ್ರದ ಬಾಗಿಲಿನ ಚಿಲಕ ಮುರಿದಿದೆ. ಕರೆಂಟ್ ಬಿಲ್ ಯಾರು ಕಟ್ಟಬೇಕು ಅಂತ ತೀರ್ಮಾನ ಆಗಿಲ್ಲ. ರಿಜಿಸ್ಟರ್‌ಗೆ ಏರಿದ ಟಿವಿ ಕಳುವಾದರೆ ತಮ್ಮ ತಲೆಗೇ ಬರುತ್ತೆ ಅನ್ನೋ ಭಯ ಅವರಿಗೆ. ಆ ಭಯ ನ್ಯಾಯವಾದದ್ದೇ. ಕೊಡುವ ಮುಂಚೆ ನಾವು ಅವರನ್ನು ಒಂದು ಮಾತೂ ಕೇಳಿರಲಿಲ್ಲ.

ಎರಡನೇ ಸಲ ಹಣ ಕೂಡಿದಾಗ ಮೊದಲು ವೈರಿಂಗ್, ಬೀಗ, ಗೋಡೆಗೊಂದು ಕಬ್ಬಿಣದ ಪೆಟ್ಟಿಗೆ ಮಾಡಿಸಿದೆವು. ಉಳಿದ ಹಣದಲ್ಲಿ ಒಂದು ಬ್ಲೂಟೂತ್ ಸ್ಪೀಕರ್. ಆ ಮಕ್ಕಳ ಮನೆಮಾತು ಲಂಬಾಣಿ, ಕನ್ನಡ ಕಿವಿಗೆ ಹೊಸದು. ತಾಂಡಾದ ಅಜ್ಜಿಯೊಬ್ಬರ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡೋಣ ಅಂದವರು ಟೀಚರ್ರೇ. ಮೊದಲು ಅಜ್ಜಿಯ ಕಥೆ ಹಾಕುತ್ತಾರೆ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳುತ್ತಾರೆ. ನರಿ ಕಥೆಯ ನಡುವೆ ಅಜ್ಜಿ ಒಮ್ಮೆ ಕೆಮ್ಮಿದ್ದಾರೆ. ಆ ಜಾಗ ಬಂದ ತಕ್ಷಣ ಮಕ್ಕಳೆಲ್ಲ ಕೆಮ್ಮುತ್ತಾರೆ! ಕನ್ನಡದಲ್ಲಿ ಹೇಳುವಾಗ ಟೀಚರ್ ಮರೆತರೆ "ಟೀಚರ್, ಕೆಮ್ಮು" ಅಂತ ನೆನಪಿಸುತ್ತಾರೆ. ಅಷ್ಟು ಗಮನ ಕೊಟ್ಟು ಕೇಳುತ್ತಾರೆ ಆ ಮಕ್ಕಳು.

ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ: ಟ್ಯಾಬ್ ಖಂಡಿತ ಬೇಡಪ್ಪ. 3-4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಮುಂದೆ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಟೀಚರ್ ಮೇಲೆ ಇನ್ನೊಂದು ಆ್ಯಪ್ ಹೇರಬೇಡಿ. 2021ರಿಂದ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್ ಇದೆ. ಹಾಜರಿ, ತೂಕ, ಎತ್ತರ ಎಲ್ಲ ಅದರಲ್ಲಿ ತುಂಬುವಷ್ಟರಲ್ಲೇ ಹೊತ್ತು ಹೋಗುತ್ತೆ. ಇನ್ನೊಂದು ವಿಷಯ. ಕೇಂದ್ರ ಸರ್ಕಾರದ ಸಕ್ಷಮ್ ಅಂಗನವಾಡಿ ಯೋಜನೆಯಲ್ಲಿ ದೇಶದ 2 ಲಕ್ಷ ಕೇಂದ್ರಗಳನ್ನು ಮೇಲ್ದರ್ಜೆಗೇರಿಸುವ ಗುರಿ ಇದೆ, ಎಲ್‌ಇಡಿ ಪರದೆಯೂ ಅದರಲ್ಲಿ ಸೇರಿದೆ. ನಿಮ್ಮ ಕೇಂದ್ರ ಪಟ್ಟಿಯಲ್ಲಿದೆಯಾ ಅಂತ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ. ಏನೇ ಕೊಟ್ಟರೂ ಅಂಗನವಾಡಿಯ ಬಾಲವಿಕಾಸ ಸಮಿತಿ ಸಭೆಯಲ್ಲಿ ಬರೆಸಿ, ರಿಪೇರಿ ಯಾರದ್ದು ಅನ್ನೋದೂ ಸೇರಿಸಿ.

ಸಂಸ್ಥೆಯೊಂದರ ಲೆಕ್ಕ ನೋಡುವವರು: ಬರೀ ಗೆಳೆಯರ ಗುಂಪಿಗೆ ಸಿಎಸ್‌ಆರ್ ಹಣ ಬರಲ್ಲ. ನೋಂದಾಯಿತ ಟ್ರಸ್ಟ್ ಅಥವಾ ಸಂಘ ಬೇಕು, ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಅನ್ನೋ, ಕಂಪನಿ ವ್ಯವಹಾರಗಳ ಸಚಿವಾಲಯದ ನೋಂದಣಿಯೂ ಬೇಕು. ಇಷ್ಟು ಹಣಕ್ಕೆ ಹೊಸ ಟ್ರಸ್ಟ್ ಕಟ್ಟಬೇಡಿ, ಆ ಭಾಗದಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವವರ ಜೊತೆ ಸೇರಿಕೊಳ್ಳಿ. ಅಮೆರಿಕದ ಗೆಳೆಯರ ಬಳಿ ಭಾರತದ ಪಾಸ್‌ಪೋರ್ಟ್ ಇದ್ದರೆ ಅವರ ಸಂಬಳದ ಹಣ ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ಪಡೆದು ಒಸಿಐ (ಭಾರತ ಮೂಲದ ವಿದೇಶಿ ಪ್ರಜೆ) ಆಗಿದ್ದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇರುವ ಸಂಸ್ಥೆಗೇ ಕೊಡಬೇಕು. ಮೊದಲು ಅದನ್ನು ಕೇಳಿಕೊಳ್ಳಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಇವತ್ತು ಟೀಚರ್‌ಗೆ ಫೋನ್ ಮಾಡಿದೆ. ಏನು ಬೇಕು ಅಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎರಡು ಬಲ್ಬ್ ಹಾಕಿಸಿಕೊಡಿ ಸರ್. ಮಳೆಗಾಲದಲ್ಲಿ ಒಳಗೆ ಕತ್ತಲು, ಮಕ್ಕಳಿಗೆ ಪುಸ್ತಕದ ಚಿತ್ರ ಕಾಣಲ್ಲ" ಅಂದರು. ಶನಿವಾರ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಕಥೆ ಹೇಳುವ ಅಜ್ಜಿ ಯಾರಿದ್ದಾರೆ ಅಂತಲೂ ಕೇಳಿ ಬರುತ್ತೇನೆ.