ಟರ್ಬೊ ಗಾಡಿ, ಇನ್‌ಟೇಕ್ ಮ್ಯಾನಿಫೋಲ್ಡ್: ಸುರೇಶಣ್ಣನ ಹತ್ತಿರ ಕೇಳಿ

ಸಂತೋಷ್: ಅಣ್ಣಾ, ಟರ್ಬೊ ಡೀಸೆಲ್ ಕಾರು. ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ಪಾಲಿಶ್ ಮಾಡಿಸಿದರೆ ಪಿಕಪ್ ಜಾಸ್ತಿ ಆಗುತ್ತದಾ?

ಸುರೇಶ್ (ಮೆಕ್ಯಾನಿಕ್): ದುಡ್ಡು ದಂಡ. ಮೊದಲು ಬಿಚ್ಚಿಸಿ ಮಸಿ ತೆಗೆಸಿ. ಇಜಿಆರ್ ಮತ್ತೆ ಎಂಜಿನ್‌ಗೇ ಕಳಿಸುವ ಸೈಲೆನ್ಸರ್ ಹೊಗೆ, ಬ್ರೀದರ್ ಪೈಪಿನಿಂದ ಬರುವ ಆಯಿಲ್ ಹಬೆ ಎರಡೂ ಸೇರಿ ಒಳಗೆ ಗಟ್ಟಿಯಾಗಿ ಅಂಟಿರುತ್ತವೆ. ಗಾಳಿಗೆ ದಾರಿಯೇ ಇರುವುದಿಲ್ಲ.

ಪ್ರವೀಣ್: ನನ್ನದು ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್. ಮ್ಯಾನಿಫೋಲ್ಡ್ ಕತ್ತರಿಸಿ ದೊಡ್ಡ ಪ್ಲೀನಂ (ಗಾಳಿ ತುಂಬಿಕೊಳ್ಳುವ ಡಬ್ಬ) ವೆಲ್ಡ್ ಮಾಡಿಸಿದೆ, ಬೂಸ್ಟೂ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಏರಿಸಿದರು. ಈಗ ಚಾರ್ಮಾಡಿ ಹತ್ತುವಾಗ ಟಕಟಕ ಸದ್ದು. ನಾಲ್ಕನೇ ಪ್ಲಗ್ ಮಾತ್ರ ಬೆಳ್ಳಗಿದೆ. ಐಡಲ್‌ನಲ್ಲಿ ಏನೂ ಇಲ್ಲ.

ಸುರೇಶ್: ಪ್ರವೀಣ್, ಸದ್ಯಕ್ಕೆ ಘಾಟಿ ಹತ್ತಿಸಬೇಡಿ. ಇದು ನಾಕಿಂಗ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಸಿಡಿಯುವುದು. ಥ್ರಾಟಲ್ (ಗಾಳಿ ಒಳಬರುವ ಬಾಗಿಲು) ಒಂದನೇ ಸಿಲಿಂಡರ್ ಕಡೆ ಇದೆ ಅಲ್ವಾ? ಜೋರಾಗಿ ನುಗ್ಗಿದ ಗಾಳಿ ಮೊದಲ ಸಿಲಿಂಡರ್‌ಗಳ ಕವಲು ಕೊಳವೆಗಳನ್ನು (ರನ್ನರ್) ದಾಟಿ ಕೊನೆಯ ಗೋಡೆ ಹತ್ತಿರ ತುಂಬಿಕೊಳ್ಳುತ್ತದೆ. ನಾಲ್ಕನೆಯದಕ್ಕೆ ಗಾಳಿ ಜಾಸ್ತಿ, ಪೆಟ್ರೋಲ್ ಮಾತ್ರ ಎಲ್ಲಕ್ಕೂ ಒಂದೇ ಅಳತೆ. ಪೆಟ್ರೋಲ್ ಸಾಲದೆ ಆ ಪ್ಲಗ್ ಬೆಳ್ಳಗಾಗುತ್ತದೆ. ಇಸಿಯು (ಎಂಜಿನ್‌ನ ಕಂಪ್ಯೂಟರ್) ನೋಡುವುದು ನಾಲ್ಕೂ ಸೇರಿದ ಸರಾಸರಿ, ಅದಕ್ಕೆ ಇದು ಗೊತ್ತಾಗುವುದಿಲ್ಲ. ಬೂಸ್ಟ್‌ನಲ್ಲಿ ಹೀಗೇ ಓಡಿಸಿದರೆ ಪಿಸ್ಟನ್ನೇ ಒಡೆಯುತ್ತದೆ. ಆದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿರಲೂಬಹುದು. ಮೊದಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ. ಸರಿ ಇದ್ದರೆ ಬೂಸ್ಟ್ ಹಳೇ ಮಟ್ಟಕ್ಕೆ ಇಳಿಸಿ, ಒಂದನೇ ಮತ್ತು ನಾಲ್ಕನೇ ಇಂಜೆಕ್ಟರ್ ಅದಲು ಬದಲು ಮಾಡಿ, ಹೊಸ ಪ್ಲಗ್ ಹಾಕಿ ಸಮ ರಸ್ತೆಯಲ್ಲಿ ಓಡಿಸಿ. ಬಿಳುಪು ಒಂದನೇ ಪ್ಲಗ್‌ಗೆ ಹೋದರೆ ತಪ್ಪು ಇಂಜೆಕ್ಟರ್‌ದು. ಅಲ್ಲೇ ಉಳಿದರೆ ಮ್ಯಾನಿಫೋಲ್ಡ್. ಅಂದಹಾಗೆ, ವೆಲ್ಡ್ ಆದಮೇಲೆ ಒಳಗಿನ ಅಲ್ಯೂಮಿನಿಯಂ ಪುಡಿ ತೊಳೆದರಾ?

ದೀಪಾ: ಸರ್, ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಎಷ್ಟು ಬೂಸ್ಟ್ ತಡೆಯುತ್ತದೆ?

ರಮೇಶ್: ಒಂದು ಫಾರ್ವರ್ಡ್ ಬಂದಿದೆ. ಡೀಸೆಲ್ ಎಂಜಿನ್ ಓಡುತ್ತಿರುವಾಗಲೇ ಇನ್‌ಟೇಕ್‌ಗೆ ಅರ್ಧ ಲೀಟರ್ ಸೀಮೆಎಣ್ಣೆ ಸುರಿದರೆ ಮಸಿಯೆಲ್ಲ ಕಿತ್ತು ಬರುತ್ತದಂತೆ.

ಸುರೇಶ್: ಮಾಡಲೇಬೇಡಿ! ಎಂಜಿನ್ ಅದನ್ನೇ ಕುಡಿದು ಓಡುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಒಂದೇ ಸಲ ಜಾಸ್ತಿ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬಿಲ್ ಬಂದಾಗ ಫಾರ್ವರ್ಡ್ ಮಾಡಿದವರನ್ನೇ ಕರೆಯಿರಿ.

ರಮೇಶ್: ನಮ್ಮ ಭಾವ ಮಾಡಿದ್ದಾರೆ, ಗಾಡಿ ಚೆನ್ನಾಗೇ ಇದೆ.

ಇಮ್ರಾನ್: ನಿಮ್ಮ ಭಾವನ ಅದೃಷ್ಟ ಎಲ್ಲರಿಗೂ ಇರಲ್ಲ ಸ್ವಾಮಿ. ಸುಮ್ನೆ ಇಜಿಆರ್ ಮುಚ್ಚಿಸಿ, ಮಸಿಯ ತಂಟೆಯೇ ಇಲ್ಲ.

ರಮೇಶ್: ಓಹೋ, ಕಾನೂನು ಮುರಿಯುವುದಕ್ಕೆ ನೀವು ಸಲಹೆ ಕೊಡಬಹುದು, ನಾನು ಕೇಳಿದರೆ ತಪ್ಪಾ?

ಇಮ್ರಾನ್: ಕೇಳಿದ್ದಲ್ಲ, ವಾದ ಮಾಡುತ್ತಿದ್ದೀರಿ.

ಕಿರಣ್: ಅಣ್ಣಾ, ಪಾಲಿಶ್ ಮಾಡಿಸಿದರೆ ಮೈಲೇಜ್ ಬರುತ್ತಾ?

ಸುರೇಶ್: ಮೇಲೆ ಓದಿ.

ಪ್ರವೀಣ್: ಅಣ್ಣಾ, ಕಂಪ್ರೆಷನ್ ಸರಿ ಇದೆ. ಇಂಜೆಕ್ಟರ್ ಬದಲಿಸಿದರೂ ನಾಲ್ಕನೆಯದೇ ಬೆಳ್ಳಗಿದೆ. ಪುಡಿ ತೊಳೆದರೋ ಇಲ್ಲವೋ ಗೊತ್ತಿಲ್ಲ.

ಸುರೇಶ್: ಹಾಗಾದರೆ ಮ್ಯಾನಿಫೋಲ್ಡೇ. ಗುಜರಿಯಲ್ಲಿ ಕಂಪನಿಯದು ಹುಡುಕಿ ಹಾಕಿಸಿ, ಬೂಸ್ಟ್ ಏರಿಸಬೇಡಿ. ಪುಡಿ ಒಳಗೆ ಹೋಗಿರಬಹುದು, ಆಯಿಲ್ ಈಗಲೇ ಬದಲಿಸಿ, ಫಿಲ್ಟರ್ ಕೊಯ್ದು ಒಳಗೆ ಚೂರು ಇದೆಯಾ ನೋಡಿ. ಇದ್ದರೆ ಫೋಟೊ ಹಾಕಿ.

ರಮೇಶ್: ಭಾವನನ್ನೇ ಗ್ರೂಪಿಗೆ ಸೇರಿಸಲಾ? ಅವರೇ ಹೇಳುತ್ತಾರೆ.

ಸುರೇಶ್: ಬೇಡ.